ಗೇಣು ನೀರಿನ ಕೊಕ್ಕರೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣದ ಬೊಂಬೆ ಅಂಗಡಿಗಳು ಹಿಂದೆ ಸರಿದು, ಮದ್ದೂರು ವಡೆಯ ಊರು ಇನ್ನೂ ಬಾರದಿರುವ ನಡುದಾರಿಯಲ್ಲಿ ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಿದ ರಸ್ತೆ ಭತ್ತ, ಕಬ್ಬು, ರಾಗಿ, ಹಿಪ್ಪುನೇರಳೆಯ ಹೊಲಗದ್ದೆಗಳ ನಡುವೆ ಸುಮಾರು 12 ಕಿಲೋಮೀಟರ್ ಸಾಗಿ ಒಂದು ಹಳ್ಳಿಯನ್ನು ಮುಟ್ಟುತ್ತದೆ. ಹೆಂಚಿನ ಮನೆಗಳು, ಅವುಗಳ ಪಕ್ಕದಲ್ಲೇ ಎದ್ದ ಹೊಸ ತಾರಸಿ ಮನೆಗಳು, ಕೊಟ್ಟಿಗೆಯ ಮುಂದೆ ಕಟ್ಟಿದ ದನಕರು, ಹಿತ್ತಲಲ್ಲಿ ಹುಲ್ಲಿನ ಮೆದೆ. ಮಂಡ್ಯ ಜಿಲ್ಲೆಯ ನೂರಾರು ಹಳ್ಳಿಗಳಂತೆ ಇದೂ ಒಂದು ಎನ್ನುವಷ್ಟರಲ್ಲಿ ತಲೆಯ ಮೇಲಿಂದ ಒಂದು ವಿಚಿತ್ರ ಸದ್ದು ಕೇಳಿಸುತ್ತದೆ. ಒಣ ಬಿದಿರಿನ ತುಂಡುಗಳನ್ನು ಒಂದಕ್ಕೊಂದು ಬಡಿದಂತೆ ಕಟಕಟ ಸದ್ದು. ಅದರ ಹಿಂದೆಯೇ ಮೀನಿನ ವಾಸನೆ.

ಇದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರ. ಇಲ್ಲಿ ಹಕ್ಕಿ ನೋಡಲು ದೋಣಿ ಹತ್ತಬೇಕಾಗಿಲ್ಲ, ಕಾಡು ಹೊಗಬೇಕಾಗಿಲ್ಲ. ಬೀದಿಯ ನಡುವಿನ ಅರಳಿ ಮರ, ಮನೆಯ ಹಿತ್ತಲಿನ ಹುಣಸೆ ಮರ, ಆಲ, ಬೇವು ಇವೇ ಇಲ್ಲಿನ ಪಕ್ಷಿಧಾಮ. ಮರದ ಕೆಳಗೆ ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ, ಮರದ ಮೇಲೆ ಆಳೆತ್ತರದ ರೆಕ್ಕೆಯ ಹಕ್ಕಿಗಳು ಮರಿಗಳಿಗೆ ಮೀನು ಉಣಿಸುತ್ತಿರುತ್ತವೆ. ಯಾರಿಗೆ ಯಾರೂ ಹೆದರುವುದಿಲ್ಲ.

ಪ್ರತಿ ವರ್ಷ ಇಲ್ಲಿಗೆ ಬಂದು ಗೂಡು ಕಟ್ಟುವ ದೊಡ್ಡ ಹಕ್ಕಿಗಳು ಮುಖ್ಯವಾಗಿ ಎರಡು. ಒಂದು, ಗಲ್ಲದ ಕೆಳಗೆ ಚೀಲ ತೂಗಿಸಿಕೊಂಡ ಬೂದು ಬಣ್ಣದ ಹೆಜ್ಜಾರ್ಲೆ. ಇನ್ನೊಂದು, ಊರಿಗೇ ಹೆಸರು ಕೊಟ್ಟ ಬಣ್ಣದ ಕೊಕ್ಕರೆ. ಎರಡೂ ಮೀನು ತಿನ್ನುವವೇ ಆದರೂ ದಾರಿ ಬೇರೆ. ಜಾಲಪಾದದ ಹೆಜ್ಜಾರ್ಲೆ ನೀರಿನ ಮೇಲೆ ತೇಲುತ್ತಾ ಈಜಿ ಮೀನು ಮೊಗೆಯುತ್ತದೆ. ಕೊಕ್ಕರೆಗೆ ಈಜಿ ಬೇಟೆಯಾಡುವ ವಿದ್ಯೆ ಇಲ್ಲ. ಅದು ನೀರಿನಲ್ಲಿ ನಡೆಯುವ ಹಕ್ಕಿ. ಈ ಒಂದು ವ್ಯತ್ಯಾಸದಲ್ಲಿಯೇ ಅದರ ಸುಖದುಃಖಗಳೆಲ್ಲ ಅಡಗಿವೆ.

ಯಾವುದು ಕೊಕ್ಕರೆ?

ಕನ್ನಡದ ಮಾತಿನಲ್ಲಿ ಉದ್ದ ಕಾಲಿನ ಬಿಳಿಯ ಹಕ್ಕಿಗಳೆಲ್ಲವೂ ಕೊಕ್ಕರೆಗಳೇ. ಗದ್ದೆಯಲ್ಲಿ ಎತ್ತಿನ ಹಿಂದೆ ನಡೆಯುವ ಬೆಳ್ಳಕ್ಕಿಯೂ ಕೊಕ್ಕರೆ, ಕೆರೆಯ ಅಂಚಿನಲ್ಲಿ ಕಣ್ಣು ಮುಚ್ಚಿ ತಪಸ್ಸಿಗೆ ನಿಂತಂತೆ ಕಾಣುವ ಬಕವೂ ಕೊಕ್ಕರೆ. ಪ್ರಾಣಿಶಾಸ್ತ್ರದಲ್ಲಿ ಹಾಗಲ್ಲ. ಬಕ ಮತ್ತು ಬೆಳ್ಳಕ್ಕಿಗಳದು ಒಂದು ಕುಟುಂಬ, ನಿಜವಾದ ಕೊಕ್ಕರೆಗಳದು ಇನ್ನೊಂದು. ಹತ್ತಿರದಿಂದ ನೋಡದೆಯೂ ಇವನ್ನು ಬೇರ್ಪಡಿಸುವ ಸುಲಭ ಉಪಾಯವೊಂದಿದೆ. ಹಾರುವಾಗ ಬಕದ ಜಾತಿಯ ಹಕ್ಕಿಗಳು ಕತ್ತನ್ನು ಮಡಿಸಿ ಎದೆಯೊಳಗೆ ಎಳೆದುಕೊಳ್ಳುತ್ತವೆ. ಕೊಕ್ಕರೆಗಳು ಕತ್ತನ್ನು ಮುಂದಕ್ಕೂ ಕಾಲನ್ನು ಹಿಂದಕ್ಕೂ ನೀಟಾಗಿ ಚಾಚಿಕೊಂಡು ಹಾರುತ್ತವೆ. ಆಕಾಶದಲ್ಲಿ ಹಕ್ಕಿ ಕಂಡಾಗ ಕತ್ತು ನೋಡುವುದನ್ನು ರೂಢಿ ಮಾಡಿಕೊಂಡ ವಿದ್ಯಾರ್ಥಿ ಅರ್ಧ ಪಾಠ ಕಲಿತಂತೆ.

ಬಣ್ಣದ ಕೊಕ್ಕರೆಯ ವೈಜ್ಞಾನಿಕ ಹೆಸರು ಮಿಕ್ಟೀರಿಯಾ ಲ್ಯೂಕೋಸಿಫಾಲ. ಎರಡನೆಯ ಪದಕ್ಕೆ ಬಿಳಿಯ ತಲೆಯದು ಎಂದರ್ಥ. ನಿಂತರೆ ಎತ್ತರ 93ರಿಂದ 102 ಸೆಂಟಿಮೀಟರ್, ಅಂದರೆ ಅಂಗನವಾಡಿಗೆ ಹೋಗುವ ಮಗುವಿನಷ್ಟು. ತೂಕ ಎರಡರಿಂದ ಮೂರೂವರೆ ಕಿಲೋ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 150ರಿಂದ 160 ಸೆಂಟಿಮೀಟರ್. ಮೈ ಬಿಳಿ. ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಆ ಪಟ್ಟಿಯ ಮೇಲೆ ಮೀನಿನ ಹುರುಪೆಯಂತೆ ಬಿಳಿಯ ಗೆರೆಗಳು. ರೆಕ್ಕೆಯಲ್ಲಿ ಹಸಿರು ಹೊಳೆಯುವ ಕಪ್ಪು, ಅದರ ನಡುವೆ ಬಿಳಿಯ ಪಟ್ಟೆ. ತಲೆಯ ಮುಂಭಾಗದಲ್ಲಿ ಪುಕ್ಕವೇ ಇಲ್ಲ, ಬೋಳು. ಆ ಬೋಳು ಚರ್ಮಕ್ಕೆ ಕಿತ್ತಳೆ ಬಣ್ಣ. ಹಳದಿಯ ದಪ್ಪ ಕೊಕ್ಕು ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿದೆ.

ಇಷ್ಟಕ್ಕೇ ಆಗಿದ್ದರೆ ಇದಕ್ಕೆ ಬಣ್ಣದ ಕೊಕ್ಕರೆ ಎಂಬ ಹೆಸರು ಬರುತ್ತಿತ್ತೋ ಇಲ್ಲವೋ. ಹೆಸರು ತಂದುಕೊಟ್ಟಿರುವುದು ಬೆನ್ನಿನ ಕೊನೆಯಲ್ಲಿ ಬಾಲವನ್ನು ಮುಚ್ಚುವಂತೆ ಇಳಿಬಿದ್ದ ಗುಲಾಬಿ ಗರಿಗಳು. ಯಾರೋ ಕುಂಚವನ್ನು ಗುಲಾಬಿ ಬಣ್ಣದಲ್ಲಿ ಅದ್ದಿ ಕೊನೆಗೊಂದು ಬಾರಿ ಎಳೆದುಬಿಟ್ಟಂತೆ. ಗೂಡು ಕಟ್ಟುವ ಕಾಲದಲ್ಲಿ ಈ ಬಣ್ಣಗಳೆಲ್ಲ ಇನ್ನಷ್ಟು ಗಾಢವಾಗುತ್ತವೆ. ಗಂಡು ಹೆಣ್ಣುಗಳಿಗೆ ಬಣ್ಣದಲ್ಲಿ ಭೇದವಿಲ್ಲ. ಗಂಡು ತುಸು ದೊಡ್ಡದು, ಅದರ ಕೊಕ್ಕೂ ತುಸು ಉದ್ದ. ಮರಿಗಳು ಮಾತ್ರ ಮಾಸಲು ಕಂದು. ಅವಕ್ಕೆ ಎದೆಯ ಪಟ್ಟಿಯೂ ಇಲ್ಲ, ಗುಲಾಬಿಯೂ ಇಲ್ಲ. ತಾಯ್ತಂದೆಯರ ಬಣ್ಣ ಬರಲು ಎರಡು ಮೂರು ವರ್ಷ ಕಾಯಬೇಕು.

ಕಾಲಿನ ಬಣ್ಣ ಕೇಳಿದರೆ ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜವಾದ ಬಣ್ಣ ಹಳದಿಯಿಂದ ಕೆಂಪಿನವರೆಗೆ. ಆದರೆ ಬೇಸಿಗೆಯಲ್ಲಿ ಅದು ಸುಣ್ಣ ಬಳಿದಂತೆ ಬಿಳಿಯಾಗಿ ಕಾಣುವುದೂ ಉಂಟು. ಕಾರಣ ಸ್ವಾರಸ್ಯವಾಗಿದೆ. ಬಿಸಿಲು ಏರಿದಾಗ ಕೊಕ್ಕರೆ ತನ್ನ ಕಾಲಿನ ಮೇಲೆ ತಾನೇ ನೀರಾದ ಹಿಕ್ಕೆ ಹಾಕಿಕೊಳ್ಳುತ್ತದೆ. ಆ ತೇವ ಆರುವಾಗ ಕಾಲಿನ ರಕ್ತನಾಳಗಳಿಂದ ಶಾಖವನ್ನು ಎಳೆದುಕೊಳ್ಳುತ್ತದೆ, ಹಕ್ಕಿಯ ಮೈ ತಂಪಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಪಠ್ಯಪುಸ್ತಕದ ಬಾಷ್ಪೀಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮರದ ಮೇಲೆಯೇ ಕುಳಿತಿದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬೇಕು. ಇವು ಸೈಬೀರಿಯಾದಿಂದಲೋ ಆಸ್ಟ್ರೇಲಿಯಾದಿಂದಲೋ ಬರುವ ವಿದೇಶಿ ಅತಿಥಿಗಳು ಎಂದು ಹೇಳುವವರು ಬಹಳ. ಹಾಗೇನಿಲ್ಲ. ಬಣ್ಣದ ಕೊಕ್ಕರೆ ಅಪ್ಪಟ ದೇಶೀ ಹಕ್ಕಿ. ಹಿಮಾಲಯದ ದಕ್ಷಿಣಕ್ಕೆ ಭಾರತದ ಬಯಲುಗಳಲ್ಲಿ, ಶ್ರೀಲಂಕಾದಲ್ಲಿ, ಪೂರ್ವಕ್ಕೆ ಆಗ್ನೇಯ ಏಷ್ಯಾದ ದೇಶಗಳಲ್ಲಿ ಇದರ ವಾಸ. ನೀರು ಮತ್ತು ಮೀನಿನ ಅನುಕೂಲ ನೋಡಿಕೊಂಡು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಓಡಾಡುತ್ತದೆ, ಅಷ್ಟೆ. ಇದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ವಿದೇಶದ ಹಕ್ಕಿಯಾಗಿದ್ದರೆ ಇಲ್ಲಿ ಕೆಟ್ಟರೆ ಅಲ್ಲಿ ಬದುಕೀತು ಎಂದು ಸುಮ್ಮನಿರಬಹುದಿತ್ತು. ಈ ಹಕ್ಕಿಗೆ ಅಂಥ ಬೇರೊಂದು ಊರಿಲ್ಲ.

ಬಾಣಂತನದ ಮೂರು ತಿಂಗಳು

ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಹೆಜ್ಜಾರ್ಲೆಗಳು ಊರಿಗೆ ಬರತೊಡಗುತ್ತವೆ. ಅವುಗಳ ಹಿಂದೆ ಬಣ್ಣದ ಕೊಕ್ಕರೆಗಳು. ಸಂಕ್ರಾಂತಿಯ ಆಚೆ ಈಚೆ ಮರಗಳಲ್ಲಿ ಗೂಡು ಕಟ್ಟುವ ಗಡಿಬಿಡಿ ಜೋರು. ಗೂಡೆಂದರೆ ಕಡ್ಡಿಗಳನ್ನು ಅಡ್ಡಾದಿಡ್ಡಿ ಜೋಡಿಸಿದ ಅಟ್ಟಣೆ. ಒಂದು ಮರದಲ್ಲಿ ಹತ್ತಾರು ಗೂಡುಗಳು ಒತ್ತೊತ್ತಾಗಿ ಇರುವುದರಿಂದ ಒಳ್ಳೆಯ ಕಡ್ಡಿಗಾಗಿ ನೆರೆಹೊರೆಯಲ್ಲಿ ಜಗಳ, ಕಳ್ಳತನ ಎಲ್ಲವೂ ಉಂಟು.

ಈ ಜಗಳದಲ್ಲಿಯೂ ಕೂಗಾಟ ಕೇಳಿಸುವುದಿಲ್ಲ. ಬೆಳೆದ ಕೊಕ್ಕರೆಗೆ ಕೂಗುವ ಧ್ವನಿಯೇ ಇಲ್ಲವೆನ್ನಬಹುದು. ಸಂತೋಷವಾಗಲಿ ಸಿಟ್ಟಾಗಲಿ, ಮೇಲಿನ ಕೊಕ್ಕನ್ನು ಕೆಳಗಿನ ಕೊಕ್ಕಿಗೆ ಬಡಿದು ಕಟಕಟ ಎನ್ನಿಸುವುದೇ ಅದರ ಭಾಷೆ. ಊರ ಬಾಗಿಲಲ್ಲಿ ಕೇಳಿಸಿದ್ದು ಇದೇ ಸದ್ದು. ಮರಿಗಳದು ಹಾಗಲ್ಲ. ಹಸಿವಾದಾಗ ಅವು ಮಾಡುವ ಗಲಾಟೆ ಇಡೀ ಬೀದಿಗೆ ಕೇಳಿಸುತ್ತದೆ.

ಒಂದು ಗೂಡಿಗೆ ಒಂದರಿಂದ ಐದು ಮೊಟ್ಟೆ. ಕಾವು ಕೊಡುವ ಕೆಲಸ ಗಂಡು ಹೆಣ್ಣು ಎರಡಕ್ಕೂ ಸೇರಿದ್ದು, ಒಂದು ತಿಂಗಳಿನ ಕೆಲಸ. ಮರಿಗಳು ಗೂಡು ಬಿಟ್ಟು ಹಾರಲು ಮತ್ತೆ ಎರಡು ತಿಂಗಳು ಬೇಕು. ಒಟ್ಟು ಮೂರು ತಿಂಗಳು. ಇದು ಸುಡು ಬೇಸಿಗೆಯೊಳಗೆ ನುಗ್ಗುವ ಮೂರು ತಿಂಗಳು. ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಮರಗಳ ಮೇಲೆ ಕಣ್ಣು ಹಾಯಿಸಿದರೆ ದೊಡ್ಡ ಹಕ್ಕಿಗಳು ರೆಕ್ಕೆಯನ್ನು ಅರ್ಧ ಬಿಚ್ಚಿ ಕೊಡೆಯಂತೆ ಹಿಡಿದು, ಬಿಸಿಲಿಗೆ ಬೆನ್ನು ಕೊಟ್ಟು ನಿಂತಿರುವುದು ಕಾಣುತ್ತದೆ. ಆ ನೆರಳಿನಲ್ಲಿ ಮರಿಗಳು ಮುದುಡಿ ಕುಳಿತಿರುತ್ತವೆ. ಸೂರ್ಯ ಸರಿದಂತೆ ಕೊಡೆಯೂ ಸರಿಯುತ್ತದೆ.

ಜೋಡಿಯಲ್ಲಿ ಒಂದು ಗೂಡು ಕಾದರೆ ಇನ್ನೊಂದು ಮೀನಿಗೆ ಹೋಗುತ್ತದೆ. ಬಿಸಿಲೇರಿ ನೆಲ ಕಾದು, ಬಿಸಿಗಾಳಿ ಕಂಬದಂತೆ ಮೇಲೇಳತೊಡಗಿದಾಗ ಕೊಕ್ಕರೆಗಳು ಆ ಗಾಳಿಯನ್ನೇ ಏಣಿ ಮಾಡಿಕೊಳ್ಳುತ್ತವೆ. ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಮೇಲೇರಿ, ಎತ್ತರ ಸಿಕ್ಕ ಮೇಲೆ ಬೇಕಾದ ದಿಕ್ಕಿಗೆ ಜಾರುತ್ತವೆ. ಭಾರದ ಮೈಗೆ ಇದು ಉಳಿತಾಯದ ದಾರಿ. ತಂದ ಮೀನನ್ನು ಗಂಟಲಿನಿಂದ ಗೂಡಿನ ನೆಲಕ್ಕೆ ಕಕ್ಕಿದರೆ ಮರಿಗಳು ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಕೆಲವು ಕೆಳಕ್ಕೂ ಬೀಳುತ್ತವೆ, ಊರಿನ ಬೆಕ್ಕುಗಳಿಗೆ ಅಂದು ಹಬ್ಬ.

ಆ ಮೀನು ಬರುವುದು ಎಲ್ಲಿಂದ? ಊರಿನ ಸಮೀಪ ಶಿಂಷಾ ನದಿ ಹರಿಯುತ್ತದೆ. ತುಮಕೂರು ಸೀಮೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ನದಿ ಇದು. ಜೊತೆಗೆ ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಮತ್ತು ಸುತ್ತಮುತ್ತಲಿನ ಹಳ್ಳಿಗಳ ಸಣ್ಣಪುಟ್ಟ ಕೆರೆಕುಂಟೆಗಳು. ಮರದ ಮೇಲೆ ಕಾಣುವುದು ಹಕ್ಕಿಯ ಮನೆ ಮಾತ್ರ. ಅಡುಗೆಮನೆ ಊರಾಚೆ ಹತ್ತು ಹಲವು ಕಡೆ ಹರಡಿದೆ.

ಕಣ್ಣಿಗಿಂತ ಕೊಕ್ಕು ಚುರುಕು

ಬಕ ಕಣ್ಣಿನಿಂದ ಬೇಟೆಯಾಡುತ್ತದೆ. ಅಲುಗಾಡದೆ ನಿಂತು, ಮೀನು ಕಂಡೊಡನೆ ಈಟಿಯಂತೆ ಕೊಕ್ಕನ್ನು ಬಿಡುತ್ತದೆ. ಅದಕ್ಕೆ ತಿಳಿನೀರು ಬೇಕು, ಬೆಳಕು ಬೇಕು. ಬಣ್ಣದ ಕೊಕ್ಕರೆಯ ಕ್ರಮವೇ ಬೇರೆ. ಅದು ಗುಂಪು ಗುಂಪಾಗಿ ನೀರಿಗಿಳಿದು ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಮುಳುಗಿಸುತ್ತದೆ. ಹಾಗೇ ಎಡಕ್ಕೂ ಬಲಕ್ಕೂ ಆಡಿಸುತ್ತಾ ಮೆಲ್ಲನೆ ಮುಂದುವರಿಯುತ್ತದೆ. ಜೊತೆಗೆ ಕಾಲಿನಿಂದ ಕೆಸರನ್ನು ಕೆದಕಿ ಅಡಗಿದ ಮೀನುಗಳನ್ನು ಎಬ್ಬಿಸುತ್ತದೆ. ಮೀನೊಂದು ಕೊಕ್ಕಿನ ಒಳಭಾಗಕ್ಕೆ ತಗಲಿತೋ, ಕೊಕ್ಕು ತಟ್ಟನೆ ಮುಚ್ಚಿಕೊಳ್ಳುತ್ತದೆ. ಇಲಿಬೋನು ಕೆಲಸ ಮಾಡುವಂತೆ. ಕಪ್ಪೆ, ಸಣ್ಣ ಹಾವು ಸಿಕ್ಕರೂ ಬಿಡುವುದಿಲ್ಲವಾದರೂ ಮುಖ್ಯ ಆಹಾರ ಮೀನೇ.

ಇದೇ ಜಾತಿಗೆ ಸೇರಿದ ಅಮೆರಿಕದ ಕೊಕ್ಕರೆಯೊಂದರ ಮೇಲೆ 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಮೀನು ತಗಲಿದ ಕ್ಷಣದಿಂದ ಕೊಕ್ಕು ಮುಚ್ಚಲು ಹಿಡಿದ ಹೊತ್ತು ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು 25 ಪಾಲು ಮಾತ್ರ. ಮನುಷ್ಯ ಒಮ್ಮೆ ರೆಪ್ಪೆ ಬಡಿಯಲು ಕಡೇಪಕ್ಷ ಇದರ ನಾಲ್ಕು ಪಟ್ಟು ಹೊತ್ತು ಬೇಕು. ಕಣ್ಣಿನ ನೆರವಿಲ್ಲದೆಯೂ ಆ ಹಕ್ಕಿ ಮೀನು ಹಿಡಿಯಬಲ್ಲದು. ಇಂಥ ಕೊಕ್ಕಿಗೆ ಕದಡಿದ ನೀರು ತೊಂದರೆಯಲ್ಲ, ಅನುಕೂಲ. ಬೇಸಿಗೆಯಲ್ಲಿ ಬಗ್ಗಡವಾದ ಕೆರೆಯ ನೀರಿನಲ್ಲಿ ಬಕಕ್ಕೆ ಕಾಣದ ಮೀನು ಕೊಕ್ಕರೆಗೆ ತಗಲುತ್ತದೆ.

ಆದರೆ ಈ ವಿದ್ಯೆಗೆ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು, ಮೀನು ದಟ್ಟವಾಗಿರಬೇಕು. ನೋಡಿ ಅಟ್ಟಿಸಿಕೊಂಡು ಹೋಗುವ ಬೇಟೆ ಇದಲ್ಲ, ತಾನಾಗಿ ತಗಲುವ ಮೀನಿಗೆ ಕಾಯುವ ಬೇಟೆ. ತುಂಬಿದ ಕೆರೆಯಲ್ಲಿ ಮೀನು ಚದುರಿರುತ್ತದೆ. ನೀರು ಇಳಿಯುತ್ತಾ ಬಂದಂತೆ ಅದೇ ಮೀನು ಚಿಕ್ಕ ಜಾಗದಲ್ಲಿ ಒತ್ತಾಗುತ್ತದೆ. ಮಳೆ ನಿಂತು ಕೆರೆ ಇಳಿಯುವ ಕಾಲದಲ್ಲಿ ಇಲ್ಲಿ ಮರಿಗಳ ಹೊಟ್ಟೆ ತುಂಬಿಸುವ ಲೆಕ್ಕಾಚಾರ ಇದಕ್ಕೆ ಹೊಂದಿಕೊಳ್ಳುತ್ತದೆ. ಎರಡನೆಯದು, ನೀರಿನ ಆಳ. ಈ ಕೊಕ್ಕರೆ ಹೆಚ್ಚಾಗಿ ಮೇಯುವುದು ಏಳು ಸೆಂಟಿಮೀಟರ್ ಆಸುಪಾಸಿನ ತೆಳು ನೀರಿನಲ್ಲಿ. ಹೆಚ್ಚೆಂದರೆ 25 ಸೆಂಟಿಮೀಟರ್. ಮನೆಯ ಅಳತೆಯಲ್ಲಿ ಹೇಳುವುದಾದರೆ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ. ಅದಕ್ಕಿಂತ ಆಳವಾದರೆ ಕೊಕ್ಕು ಕೆಸರಿನ ತಳವನ್ನು ಮುಟ್ಟದು. ನೀರು ಬತ್ತಿದರಂತೂ ಮೀನೇ ಇಲ್ಲ. ಈ ಹಕ್ಕಿಯ ಇಡೀ ಸಂಸಾರ ನಿಂತಿರುವುದು ಗೇಣು ನೀರಿನ ಮೇಲೆ.

ನರಿ ಮತ್ತು ಕೊಕ್ಕರೆಯ ಔತಣದ ಕಥೆ ಮಕ್ಕಳಿಗೆಲ್ಲ ಗೊತ್ತು. ನರಿ ತಟ್ಟೆಯಲ್ಲಿ ಬಡಿಸಿತು, ಕೊಕ್ಕರೆ ಉಪವಾಸ ಹೋಯಿತು. ಕೊಕ್ಕರೆ ಉದ್ದ ಕತ್ತಿನ ಹೂಜಿಯಲ್ಲಿ ಬಡಿಸಿತು, ನರಿ ಉಪವಾಸ ಹೋಯಿತು. ನೀತಿಗೆ ಕಥೆ ಸರಿ. ಪ್ರಕೃತಿಯಲ್ಲಿ ಬಣ್ಣದ ಕೊಕ್ಕರೆಗೆ ಬೇಕಾಗಿರುವುದು ಅಗಲವಾದ ತಟ್ಟೆಯೇ. ಹೂಜಿಯಲ್ಲಿ ಬಡಿಸಿದರೆ ಉಪವಾಸ ಹೋಗುವ ಸರದಿ ಅದರದು.

ಹುಣಸೆ ಮರದ ಲೆಕ್ಕ

ಇಷ್ಟೊಂದು ಹಕ್ಕಿಗಳು ಮನುಷ್ಯರ ನಡುವೆ ಯಾಕೆ ಮನೆ ಮಾಡಿದವು? ಶ್ರೀರಂಗಪಟ್ಟಣದ ಬಳಿ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಇದೇ ಕೊಕ್ಕರೆಗಳು ಕಾವೇರಿಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಅಲ್ಲಿ ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಮರ ಹತ್ತಿ ಮರಿ ಕದಿಯುವ ಪ್ರಾಣಿಗೆ ದಾರಿಯಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಆ ಮೊಸಳೆಯ ಕೆಲಸವನ್ನು ಊರಿನ ಜನ ಮಾಡುತ್ತಿದ್ದಾರೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ, ಗಡಿಯಾಚೆ ಹಿಂದೂಪುರದ ಸೀಮೆಯ ವೀರಾಪುರದಲ್ಲಿ ಕೂಡ ಬಣ್ಣದ ಕೊಕ್ಕರೆಗಳು ಹೀಗೆಯೇ ಊರ ಮರಗಳನ್ನು ನಂಬಿವೆ.

ಬೆಳ್ಳೂರಿನ ಜನ ಈ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿಗೆ ಹೋಲಿಸುತ್ತಾರೆ. ಹಿಂದೆ ಊರು ಶಿಂಷಾ ದಡದಲ್ಲಿತ್ತೆಂದೂ, ಪ್ಲೇಗ್ ಬಂದಾಗ ಜನ ಅಲ್ಲಿಂದ ಎದ್ದು ಈಗಿನ ಜಾಗಕ್ಕೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ. ಹಕ್ಕಿ ಬಂದ ವರ್ಷ ಊರಿಗೆ ಒಳ್ಳೆಯದು ಎಂಬ ನಂಬಿಕೆಯೂ ಇದೆ.

ಹೊರಗಿನವರು ಇಷ್ಟನ್ನು ಕೇಳಿ ಎಂಥ ಪ್ರೀತಿ ಎಂದು ಕೊಂಡಾಡಿ ಹೋಗುತ್ತಾರೆ. ಪ್ರೀತಿಯ ಹಿಂದೆ ಒಂದು ಲೆಕ್ಕವೂ ಇದೆ, ಅದನ್ನು ಮರೆಯಬಾರದು. ಹುಣಸೆ ಹಣ್ಣಾಗುವುದು, ಬಡಿದು ಇಳಿಸುವುದು ಬೇಸಿಗೆಯ ಆರಂಭದಲ್ಲಿ. ಅದೇ ಹೊತ್ತಿಗೆ ಅದೇ ಮರದಲ್ಲಿ ಮರಿಗಳು. ಮರ ಬಡಿದರೆ ಗೂಡು ಹೋಯಿತು, ಬಡಿಯದಿದ್ದರೆ ಹಣ್ಣು ಹೋಯಿತು. ಒಂದು ದೊಡ್ಡ ಹುಣಸೆ ಮರದ ಫಸಲೆಂದರೆ ಬಡ ಸಂಸಾರಕ್ಕೆ ಮಕ್ಕಳ ಶಾಲೆಯ ಖರ್ಚು ಕಳೆಯುವ ಆದಾಯ. ಅದನ್ನು ಹಕ್ಕಿಗೆ ಬಿಟ್ಟುಕೊಟ್ಟವರು ಕೈಯಿಂದ ದುಡ್ಡು ಕೊಟ್ಟಂತೆಯೇ. ಮೇಲಿನಿಂದ ಬೀಳುವ ಹಿಕ್ಕೆ, ಕೊಳೆತ ಮೀನಿನ ವಾಸನೆ, ಅಂಗಳ ಗುಡಿಸುವ ಕೆಲಸ ಬೇರೆ. ಹಕ್ಕಿಯಿಂದ ಬರುವ ಲಾಭವೆಂದರೆ ಆ ಹಿಕ್ಕೆಯೇ. ಸಾರಜನಕ, ರಂಜಕ ತುಂಬಿದ ಅದನ್ನು ಕೆರೆಯ ಗೋಡುಮಣ್ಣಿನೊಂದಿಗೆ ಬೆರೆಸಿ ಜನ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಆದರೆ ಚೀಲದ ಗೊಬ್ಬರ ಸುಲಭವಾಗಿ ಸಿಗುವ ಕಾಲದಲ್ಲಿ ಆ ಲಾಭದ ತೂಕ ಕಡಿಮೆಯಾಗಿದೆ. ಹುಣಸೆ ಮರ ಕಡಿದು ಮಾರಿದರೆ ಒಮ್ಮೆಗೇ ಕೈ ತುಂಬ ಹಣ ಬರುತ್ತದೆ ಎಂಬ ಆಸೆ ತೂಗುತ್ತಲೇ ಇರುತ್ತದೆ.

ಈ ಲೆಕ್ಕವನ್ನು ಅರಿತು ನಡೆದದ್ದರಿಂದಲೇ ಬೆಳ್ಳೂರು ಉಳಿದಿದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ಹೆಜ್ಜಾರ್ಲೆಗಳನ್ನು ಹೊರಗಿನ ಪಕ್ಷಿತಜ್ಞರ ಗಮನಕ್ಕೆ ತಂದರು. ಆ ಬಳಿಕ ಗೂಡುಗಳಿರುವ ಮರದ ಒಡೆಯರಿಗೆ ಫಸಲಿನ ಬದಲು ಪರಿಹಾರ ಕೊಡುವ ವ್ಯವಸ್ಥೆ ಅರಣ್ಯ ಇಲಾಖೆಯಿಂದ ಬಂತು. 1994ರಿಂದ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ತಂಡವೊಂದು ಇಲ್ಲಿ ಕೆಲಸ ಆರಂಭಿಸಿತು. ಊರಿನ ಯುವಕರೇ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಹಿಂದೆ ನಾಯಿ ಕಾಗೆಗಳು ತಿನ್ನುತ್ತಿದ್ದವು. ಅವನ್ನು ಎತ್ತಿ ತಂದು ಆವರಣದೊಳಗೆ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಇವರು ಮೈಗೂಡಿಸಿಕೊಂಡರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಜನರನ್ನು ಒಕ್ಕಲೆಬ್ಬಿಸದೆ, ಅವರ ಜಮೀನು ಅವರಲ್ಲೇ ಇರುವಂತೆ, ಅವರೇ ಕಾವಲುಗಾರರಾಗಿ ನಡೆಸುವ ಸಂರಕ್ಷಣೆ ಇದು.

ಹೀಗೆ ಮರಕ್ಕೆ ಒಡೆಯನಿದ್ದಾನೆ, ಪರಿಹಾರವಿದೆ, ಕಾವಲಿದೆ. ನೀರಿಗೆ?

ತಟ್ಟೆ ಲೋಟವಾದರೆ

ಹಳೆಯ ಮೈಸೂರು ಸೀಮೆಯ ಕೆರೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಈ ಪ್ರಶ್ನೆ ಅರ್ಥವಾಗುತ್ತದೆ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ಕೆರೆ ಆಳ. ಮಳೆಯ ನೀರು ಒಳಬರುವ ಎದುರು ದಿಕ್ಕಿಗೆ ಹೋದಂತೆ ನೆಲ ನಿಧಾನವಾಗಿ ಏರುತ್ತದೆ. ನೀರು ಸೊಂಟದುದ್ದ, ಮೊಣಕಾಲುದ್ದ, ಗೇಣುದ್ದ ಎಂದು ತೆಳುವಾಗುತ್ತಾ ಹೋಗಿ ಕೊನೆಗೆ ಹುಲ್ಲಿನಲ್ಲಿ ಮಾಯವಾಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಆ ಗೇಣು ನೀರಿನ ಪಟ್ಟಿಯೂ ಸರಿಯುತ್ತದೆ. ಜನವರಿಯಲ್ಲಿ ಒಂದು ಕಡೆ ಇದ್ದದ್ದು ಏಪ್ರಿಲ್‌ನಲ್ಲಿ ಇನ್ನೂ ಒಳಗೆ ಇರುತ್ತದೆ. ಒಟ್ಟಿನಲ್ಲಿ ಮೂರು ತಿಂಗಳೂ ಎಲ್ಲಿಯೋ ಒಂದು ಕಡೆ ಗೇಣು ನೀರು ಇದ್ದೇ ಇರುತ್ತದೆ. ಕೊಕ್ಕರೆಯ ತಟ್ಟೆ ಇದೇ.

ಕೆರೆಯಲ್ಲಿ ಮೊದಲು ಒತ್ತುವರಿಯಾಗುವ ಜಾಗವೂ ಇದೇ. ಬೇಗ ಒಣಗುವ, ಉಳಲು ಸುಲಭವಾದ ಮೇಲಂಗಳ ಯಾರಿಗೂ ಸೇರದ ಜಾಗದಂತೆ ಕಾಣುತ್ತದೆ. ಮೊದಲು ಒಂದು ಬೆಳೆ, ಆಮೇಲೆ ಬೇಲಿ, ಆಮೇಲೆ ಬದು. ಏರಿಯ ಕಡೆ ನಿಂತು ನೋಡಿದವರಿಗೆ ಕೆರೆ ತುಂಬಿದಂತೆಯೇ ಕಾಣುತ್ತದೆ. ಹೋದದ್ದು ತಟ್ಟೆಯ ಅಂಚು.

ಇನ್ನೊಂದು ಬದಲಾವಣೆ ಒಳ್ಳೆಯ ಉದ್ದೇಶದಿಂದಲೇ ಆಗುವಂಥದು. ಹೂಳೆತ್ತುವುದು ತಪ್ಪಲ್ಲ. ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವ ಪದ್ಧತಿ ಹಿಂದಿನಿಂದಲೂ ಇತ್ತು, ರೈತನಿಗೆ ನೀರು ಹೆಚ್ಚು ದಿನ ನಿಲ್ಲಬೇಕು. ಆದರೆ ಜೆಸಿಬಿ ತಂದು ನಾಲ್ಕೂ ಕಡೆ ಗೋಡೆಯಂತೆ ನೇರವಾಗಿ ಅಗೆದು, ಸುತ್ತಲೂ ಕಲ್ಲು ಕಟ್ಟಿಬಿಟ್ಟರೆ ಕೆರೆ ಲೋಟವಾಗುತ್ತದೆ. ಲೋಟದಲ್ಲಿ ನೀರು ಹೆಚ್ಚು ಹಿಡಿಯಬಹುದು, ಮೀನೂ ಇರಬಹುದು. ಹೆಜ್ಜಾರ್ಲೆ ತೇಲಿಕೊಂಡು ಉಂಡೀತು. ಕೊಕ್ಕರೆಗೆ ಕಾಲಿಡಲು ಜಾಗವಿಲ್ಲ. ನದಿಯಲ್ಲಿಯೂ ಅಷ್ಟೆ. ಮರಳಿನ ತಿಟ್ಟುಗಳ ಅಂಚಿನ ತೆಳು ನೀರು ಕೊಕ್ಕರೆಗೆ ಸಲ್ಲುತ್ತದೆ, ಮರಳು ತೆಗೆದ ಆಳದ ಗುಂಡಿ ಸಲ್ಲುವುದಿಲ್ಲ.

ನೀರಿನ ಪ್ರಮಾಣದಷ್ಟೇ ಅದರ ಆರೋಗ್ಯವೂ ಮುಖ್ಯ. 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ದುಂಡು ಹುಳುಗಳು ಕಂಡುಬಂದವು. ಈ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನ ಮೂಲಕ. ಮರಗಳು ಹಾಗೆಯೇ ಇದ್ದವು, ಜನರ ಪ್ರೀತಿಯೂ ಹಾಗೆಯೇ ಇತ್ತು. ಆಪತ್ತು ಬಂದದ್ದು ಊಟದ ದಾರಿಯಲ್ಲಿ. ಸತ್ತದ್ದು ಹೆಜ್ಜಾರ್ಲೆಗಳಾದರೂ ಅದೇ ಸೀಮೆಯ ನೀರಿನ ಮೀನು ತಿನ್ನುವ ಕೊಕ್ಕರೆಗೂ ಅದರಲ್ಲಿ ಎಚ್ಚರಿಕೆಯಿದೆ. ಬೆಳ್ಳೂರಿನವರು ಎಷ್ಟೇ ಅಕ್ಕರೆಯಿಂದ ಮರ ಕಾದರೂ, ಹತ್ತಾರು ಹಳ್ಳಿಗಳ ಕೆರೆಗಳಲ್ಲಿ ಏನಾಗುತ್ತದೆ ಎಂಬುದನ್ನು ಅವರೊಬ್ಬರೇ ಕಾಯಲಾರರು. ತವರಿನಲ್ಲಿ ಮಂಚ ಹಾಸಿದೆ, ನೆಂಟರೂರುಗಳಲ್ಲಿ ಗಂಜಿ ಇಲ್ಲವೆಂದರೆ ಬಾಣಂತನ ಸಾಗುವುದು ಹೇಗೆ?

ನೋಡಹೋಗುವವರಿಗೆ

ಜನವರಿಯಿಂದ ಏಪ್ರಿಲ್‌ವರೆಗೆ ಗೂಡುಗಳ ಸಂಭ್ರಮ ನೋಡಲು ಒಳ್ಳೆಯ ಕಾಲ. ಬೆಳಗ್ಗೆ ಬೇಗ ಮುಟ್ಟಿದರೆ ಬಿಸಿಗಾಳಿ ಏರುವ ಹೊತ್ತಿಗೆ ಹಕ್ಕಿಗಳು ಸುತ್ತುತ್ತಾ ಮೇಲೇರುವುದನ್ನು ನೋಡಬಹುದು.

ಊರು ಪಕ್ಷಿಧಾಮವಾಗಿದ್ದರೂ ಮೊದಲು ಅದು ಜನರ ಮನೆಮಠಗಳಿರುವ ಜಾಗ. ಹಿತ್ತಲಿಗೆ ಹೋಗುವ ಮುಂಚೆ ಮನೆಯವರನ್ನು ಕೇಳುವುದು ಮರ್ಯಾದೆ. ಕೂಗಾಟ, ಹಾರ್ನ್, ಪಟಾಕಿ, ಹಕ್ಕಿಗಳನ್ನು ಎಬ್ಬಿಸಿ ಫೋಟೋ ತೆಗೆಯುವ ಹುಚ್ಚು ಬೇಡ. ಗೂಡಿನ ಮರಿಗಳು ಹೆದರಿದರೆ ತಿಂದ ಮೀನನ್ನೆಲ್ಲ ಕಕ್ಕಿ ಸತ್ತಂತೆ ಮುದುಡಿಕೊಳ್ಳುತ್ತವೆ. ತಾಯಿ ಹಕ್ಕಿ ಎದ್ದು ಹೋದರೆ ಅವುಗಳ ಮೇಲಿನ ನೆರಳೂ ಹೋಗುತ್ತದೆ. ಮರಿ ಕೆಳಗೆ ಬಿದ್ದಿದ್ದರೆ ಮುಟ್ಟದೆ ಊರಿನವರಿಗೆ ತಿಳಿಸಬೇಕು. ಮರದ ಕೆಳಗೆ ನಿಲ್ಲುವವರಿಗೆ ಕೊಡೆಯೋ ಹಳೆಯ ಟೋಪಿಯೋ ಇದ್ದರೆ ಕ್ಷೇಮ, ಕಾರಣ ಹೇಳಬೇಕಾಗಿಲ್ಲ.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು, ಮೇಷ್ಟರುಗಳು ಇನ್ನೊಂದು ಕೆಲಸ ಮಾಡಿಸಬಹುದು. ಊರಿನಲ್ಲಿ ಗೂಡು ನೋಡಿದ ಮೇಲೆ ಅಲ್ಲಿಗೇ ಮುಗಿಸದೆ, ಮರಳುವ ದಾರಿಯಲ್ಲಿ ಒಂದು ಕೆರೆಯ ಬಳಿ ನಿಲ್ಲಬೇಕು. ಸೆಂಟಿಮೀಟರ್ ಗುರುತು ಹಾಕಿದ ಒಂದು ಕೋಲು ಸಾಕು. ದೊಡ್ಡವರೊಬ್ಬರು ದಡದಲ್ಲಿಯೇ ನಿಂತು ಕೋಲಿನಿಂದ ಅಳೆದು ಹೇಳಿದರೆ ಮಕ್ಕಳು ಬರೆದುಕೊಳ್ಳಲಿ. ಅಂಚಿನಿಂದ ಎಷ್ಟು ದೂರದವರೆಗೆ ನೀರು 25 ಸೆಂಟಿಮೀಟರಿಗಿಂತ ಕಡಿಮೆ ಇದೆ? ಆ ಪಟ್ಟಿಯಲ್ಲಿ ಯಾವ ಹಕ್ಕಿಗಳು ಮೇಯುತ್ತಿವೆ? ಇದೇ ಲೆಕ್ಕವನ್ನು ತಮ್ಮ ಊರಿನ ಕೆರೆಯಲ್ಲಿ ಜನವರಿಗೊಮ್ಮೆ, ಏಪ್ರಿಲ್‌ಗೊಮ್ಮೆ ಮಾಡಿ ಹೋಲಿಸಿದರೆ ಅದು ಯಾವ ವಿಜ್ಞಾನ ಪ್ರದರ್ಶನದ ಮಾದರಿಗೂ ಕಡಿಮೆಯಲ್ಲ. ಊರಿನ ಕೆರೆಗೆ ಹೂಳೆತ್ತುವ ಯೋಜನೆ ಬಂದ ದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಏರಿಯ ಕಡೆ ಬೇಕಾದಷ್ಟು ಆಳ ಮಾಡಿ, ಮೇಲಿನ ಒಂದು ಮಗ್ಗುಲನ್ನು ಇಳಿಜಾರಾಗಿಯೇ ಬಿಡಿ ಎಂದು ಕೇಳಲು ಆ ನೋಟ್‌ಬುಕ್ಕಿನ ಅಂಕಿಗಳೇ ಆಧಾರವಾಗುತ್ತವೆ.

ಬೆಳ್ಳೂರಿನ ಒಬ್ಬ ರೈತ ತನ್ನ ಹುಣಸೆ ಮರದ ಹಣ್ಣನ್ನು ಬಿಟ್ಟುಕೊಟ್ಟಿದ್ದಾನೆ. ಉಳಿದ ಊರುಗಳು ಬಿಟ್ಟುಕೊಡಬೇಕಾಗಿರುವುದು ಅಷ್ಟು ದೊಡ್ಡದೇನಲ್ಲ. ಕೆರೆಯ ಒಂದು ಅಂಚಿನಲ್ಲಿ, ವರ್ಷಕ್ಕೆ ಮೂರು ತಿಂಗಳು, ಒಂದು ಗೇಣು ನೀರು.